ದುಬಾರಿ ರೇಜರ್ ಕೊಂಡರೆ ನಿಜಕ್ಕೂ ಸಿಗುವುದೇನು?

ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಟೈಟೇನಿಯಂ ಕಡೆದು ಮಾಡಿದ ಸೇಫ್ಟಿ ರೇಜರ್‌ಗೂ, ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಕ್ರೋಮಿಯಂ ಲೇಪಿಸಿದ ರೇಜರ್‌ಗೂ ಬೆಲೆಯಲ್ಲಿ ಭಾರೀ ಅಂತರ. ಆದರೆ ಎರಡರೊಳಗೂ ಕೂರುವುದು ಒಂದೇ ಬ್ಲೇಡು: 0.1 ಮಿಲಿಮೀಟರ್ ದಪ್ಪದ, ಎರಡೂ ಬದಿ ಮಸೆದ ಉಕ್ಕಿನ ಹಾಳೆ. ಕೂದಲು ಕತ್ತರಿಸುವುದು ಅದು. ರೇಜರ್‌ನ ಕೆಲಸ ಅದನ್ನು ಹಿಡಿದಿಡುವುದು ಮಾತ್ರ. ಹೆಚ್ಚಿನ ಹಣಕ್ಕೆ ಅರ್ಥವಿದೆಯೇ ಎಂಬುದು ಆ ಹಿಡಿತದ ಮೇಲೆ ನಿಂತಿದೆ.

ರೇಜರ್‌ನ ತಲೆಯಲ್ಲಿ ಮೇಲೊಂದು ಕ್ಯಾಪ್, ಕೆಳಗೊಂದು ಬೇಸ್ ಪ್ಲೇಟ್. ಹಿಡಿ ತಿರುಗಿಸಿ ಬಿಗಿ ಮಾಡಿದಾಗ ನಡುವಿನ ಬ್ಲೇಡು ತುಸು ಬಾಗಿ ಸೆಟೆದುಕೊಳ್ಳುತ್ತದೆ. ಆದರೂ ಒತ್ತಿ ಹಿಡಿದ ಜಾಗದಿಂದ ಅಲಗಿನವರೆಗೆ ಒಂದಿಷ್ಟು ಉಕ್ಕು ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಈ ಚಾಚು ಎರಡು ಪಟ್ಟಾದರೆ, ಅಷ್ಟೇ ಬಲಕ್ಕೆ ಬ್ಲೇಡು ಎಂಟು ಪಟ್ಟು ಬಾಗುತ್ತದೆ. ಬಾಗುವ ಪ್ರಮಾಣ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಗಲ್ಲದ ಒರಟು ಕೂದಲಿಗೆ ತಗುಲಿದಾಗ ಅಲಗು ಹಿಂದಕ್ಕೆ ಬಾಗಿ, ಕೂದಲು ತುಂಡಾದೊಡನೆ ಮುಂದಕ್ಕೆ ಚಿಮ್ಮುತ್ತದೆ. ಈ ಅದುರಾಟ ಚರ್ಮವನ್ನು ಕೆರೆದು ಉರಿ ಎಬ್ಬಿಸುತ್ತದೆ. ಅಲಗಿನ ತೀರಾ ಹತ್ತಿರದವರೆಗೂ ಬ್ಲೇಡನ್ನು ಅದುಮಿ ಹಿಡಿಯುವ ತಲೆ ಇದನ್ನು ತಗ್ಗಿಸುತ್ತದೆ. ನಿಖರವಾಗಿ ಕಡೆದ ರೇಜರ್‌ನ ನಿಜವಾದ ಲಾಭ ಇಲ್ಲಿದೆ.

ಇನ್ನೊಂದು, ಅಲಗು ಎಷ್ಟು ಹೊರಗೆ ನಿಂತಿದೆ ಎಂಬುದು. ಕ್ಯಾಪ್‌ನ ಅಂಚಿನಿಂದ ಕೆಳಗಿನ ರಕ್ಷಣಾ ಪಟ್ಟಿಗೆ ಒಂದು ಗೆರೆ ಎಳೆದಂತೆ ಭಾವಿಸಿ. ಅಲಗು ಆ ಗೆರೆ ದಾಟಿದ್ದರೆ ರೇಜರ್ ಚುರುಕು, ಒಳಗಿದ್ದರೆ ಮೃದು. ಇಲ್ಲಿ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ವ್ಯತ್ಯಾಸವೂ ಚರ್ಮಕ್ಕೆ ಗೊತ್ತಾಗುತ್ತದೆ. ಒರಟಾಗಿ ಅಚ್ಚು ಹೊಯ್ದ ತಲೆಯಲ್ಲಿ ಬ್ಲೇಡಿನ ರಂಧ್ರಕ್ಕೂ ಗೂಟಕ್ಕೂ ನಡುವೆ ಸಡಿಲವಿದ್ದು, ಬ್ಲೇಡು ಓರೆಯಾಗಿ ಕೂರುವುದುಂಟು. ಆಗ ಒಂದು ಬದಿ ಚರ್ಮ ಕಚ್ಚುತ್ತದೆ, ಇನ್ನೊಂದು ಬದಿ ಕೂದಲನ್ನು ಹಾಗೆಯೇ ಬಿಡುತ್ತದೆ.

ಲೋಹದ ವಿಚಾರದಲ್ಲಿ ನಮ್ಮ ಒಲವು ಸ್ಟೇನ್‌ಲೆಸ್ ಸ್ಟೀಲ್ ಕಡೆಗೆ. ಸತುವಿನ ಮಿಶ್ರಲೋಹದ ಮೇಲಿನ ಲೇಪ ಎಲ್ಲಾದರೂ ಎದ್ದರೆ ಒಳಗಿನ ಲೋಹ ನೀರಿಗೆ ಸವೆಯತೊಡಗುತ್ತದೆ; ಅತಿಯಾಗಿ ಬಿಗಿದರೆ ತಿರುಪೇ ಮುರಿಯಬಹುದು. 316ಎಲ್ ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಲೇಪವೇ ಬೇಕಿಲ್ಲ. ಟೈಟೇನಿಯಂ ಇನ್ನೂ ದುಬಾರಿ, ಆದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ, ಸ್ಟೀಲಿನದು 8 ಗ್ರಾಂ. ರೇಜರ್‌ನ ಭಾರವೇ ಕೆಲಸ ಮಾಡಲಿ ಎಂದು ಕೈ ಹಗುರ ಬಿಡುವವರು ಟೈಟೇನಿಯಂ ಹಿಡಿದಾಗ ಗೊತ್ತಿಲ್ಲದೆಯೇ ಒತ್ತತೊಡಗುತ್ತಾರೆ, ಕುತ್ತಿಗೆಯಲ್ಲಿ ಗೀರು ಬೀಳುತ್ತದೆ. ಸ್ಟೀಲಿನಿಂದ ಮುಂದಕ್ಕೆ ಕೊಡುವ ಹಣ ಚೆಂದಕ್ಕೆ ಮತ್ತು ಹಗುರಕ್ಕೆ. ಗಡ್ಡ ಅದರಿಂದ ಹೆಚ್ಚು ನುಣುಪಾಗುವುದಿಲ್ಲ.

ಬಿಸಿಯಾಗುವ ಪಟ್ಟಿ, ಹೊರಳುವ ತಲೆ, ಐದು ಬ್ಲೇಡುಗಳ ಕಾರ್ಟ್ರಿಜ್ ಬೇರೆಯದೇ ಹಾದಿ. 1971ರ ಜೋಡಿ ಬ್ಲೇಡಿನಿಂದ ಶುರುವಾದ ತತ್ತ್ವ ಇದು: ಮೊದಲ ಅಲಗು ಕೂದಲನ್ನು ತುಸು ಹೊರಗೆಳೆಯುತ್ತದೆ, ಅದು ಒಳಸರಿಯುವ ಮುನ್ನ ಹಿಂದಿನದು ಕತ್ತರಿಸುತ್ತದೆ. ನುಣುಪು ಬರುತ್ತದೆ, ನಿಜ. ಆದರೆ ಗುಂಗುರು ಕೂದಲಿನವರಲ್ಲಿ ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾದ ಚೂಪು ತುದಿ ಒಳಗೇ ಚುಚ್ಚಿಕೊಂಡು ಗುಳ್ಳೆಯೇಳುತ್ತದೆ. ಬ್ರಷ್‌ನಲ್ಲಿ ಕಡೆದ ದಟ್ಟ ನೊರೆ ಆ ಇಕ್ಕಟ್ಟಾದ ಅಲಗುಗಳ ನಡುವೆ ಕಟ್ಟಿಕೊಳ್ಳುವುದೂ ಒಂದು ಕಾಟ. ಇನ್ನು ಬಿಸಿ: ಅದನ್ನು ಬೆಚ್ಚನೆಯ ನೀರು ಮೊದಲೇ ಕೊಟ್ಟಿರುತ್ತದೆ.

ನೀರಿನ ಮಹತ್ವಕ್ಕೆ ಗಟ್ಟಿ ಕಾರಣವಿದೆ. ಕೂದಲಿನ ಪ್ರೊಟೀನ್ ಆದ ಕೆರಾಟಿನ್‌ನಲ್ಲಿರುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ. ಎರಡು ಮೂರು ನಿಮಿಷ ಚೆನ್ನಾಗಿ ನೆನೆದ ಕೂದಲು ಒಣಗಿದ್ದಕ್ಕಿಂತ ಬಹಳ ಕಡಿಮೆ ಬಲಕ್ಕೆ ತುಂಡಾಗುತ್ತದೆ. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಹಾಗಿದ್ದೂ ಅಲಗನ್ನು ಕೆಡಿಸುವುದು ಅದೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ, ಅಲಗಿಗೆ ಸಿಕ್ಕಿದ ಕೂದಲು ಓರೆಯಾಗಿ ಬಾಗಿದಾಗ ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಸೂಕ್ಷ್ಮ ಚೂರು ಹಾರುತ್ತದೆ. ಎಂಥ ರೇಜರ್‌ನಲ್ಲಿಟ್ಟರೂ ಬ್ಲೇಡು ಕೆಲವು ಶೇವ್‌ಗಳ ವಸ್ತು. ಎಳೆದಂತೆ ಅನ್ನಿಸಿದೊಡನೆ ಬದಲಿಸಿ.

ಆದ್ದರಿಂದ ಹೊಸ ರೇಜರ್‌ಗೆ ಮುನ್ನ ಬೇರೆ ಬ್ಲೇಡು ಹಾಕಿ ನೋಡಿ. ಬ್ಲೇಡಿನಿಂದ ಬ್ಲೇಡಿಗೆ ಮಸೆತ, ಲೇಪ ಎರಡೂ ಬದಲಾಗುತ್ತವೆ. ಒಂದು ಸಲಕ್ಕೆ ಬ್ಲೇಡನ್ನಷ್ಟೇ ಬದಲಿಸಿ; ಸೋಪು, ಬ್ರಷ್ ಹಾಗೆಯೇ ಇರಲಿ. ಹಿಡಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ಹಿಡಿದು, ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಎರಡನೆಯ ಸುತ್ತಿಗೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ.

ಆಮೇಲೂ ಒಂದು ಬದಿಯೇ ಕಚ್ಚುತ್ತಿದ್ದರೆ ತಲೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿಯ ಚಾಚನ್ನು ಹೋಲಿಸಿ. ಬಳಿಕ ಬಿಚ್ಚಿ, ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ಹೆಚ್ಚಿನ ಚಾಚು ಈಗ ಎದುರು ಬದಿಗೆ ಹೋಗಿದ್ದರೆ ಬ್ಲೇಡಿನ ದೋಷ, ಹೊಸದು ಹಾಕಿದರಾಯಿತು. ಇದ್ದ ಬದಿಯಲ್ಲೇ ಉಳಿದಿದ್ದರೆ ತಲೆಯೇ ಓರೆ. ಚೆನ್ನಾಗಿ ಕಡೆದ ಸ್ಟೀಲ್ ರೇಜರ್‌ಗೆ ಹಣ ಹಾಕಲು ಅದು ಸಕಾರಣ.