ಊರಲ್ಲಿ ವೋಟಿದೆ, ಬೆಂಗಳೂರಲ್ಲಿ ಯಾಕೆ ಬೇಕು?

ಪ್ರಶ್ನೆ: ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನನ್ನ ಹೆಸರು ಊರಿನ ವೋಟರ್ ಲಿಸ್ಟ್‌ನಲ್ಲಿದೆ, ಹೆಂಡತಿಯದು ಅವಳ ತವರಿನಲ್ಲಿ. ಇಲ್ಲಿ ಹೆಸರು ಸೇರಿಸಲೇಬೇಕಾ? ಮನೆ ಬದಲಾಯಿಸ್ತಾನೇ ಇರ್ತೀವಿ. ಒಂದು ವೋಟಿಗೆ ಇಷ್ಟೆಲ್ಲ ಓಡಾಟ ಯಾಕೆ? ಮಗಳಿಗೂ ಈಗ 17 ತುಂಬಿದೆ.

ಉತ್ತರ: ಇಬ್ಬರ ಹೆಸರನ್ನೂ ಬೆಂಗಳೂರಿಗೆ ತನ್ನಿ. ಈ ವಾರವೇ ಅರ್ಜಿ ಹಾಕಿ, ಎಲೆಕ್ಷನ್ ಬರಲಿ ಅಂತ ಕಾಯಬೇಡಿ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನೀವು ಎಲ್ಲಿ ಸಾಮಾನ್ಯವಾಗಿ ವಾಸ ಮಾಡುತ್ತೀರೋ ಅಲ್ಲೇ ನಿಮ್ಮ ಹೆಸರು ಇರಬೇಕು. ಊರಲ್ಲಿ ಸ್ವಂತ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿನ ನಿವಾಸಿ ಆಗುವುದಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ನಾಲ್ಕು ತಿಂಗಳು ಕೆಲಸದ ಮೇಲೆ ಬೇರೆ ಕಡೆ ಹೋಗಿದ್ದರೆ ತೊಂದರೆ ಇಲ್ಲ, ಅದು ತಾತ್ಕಾಲಿಕ. ಆದರೆ ಎಂಟು ವರ್ಷ ತಾತ್ಕಾಲಿಕ ಅಲ್ಲ. ನಿಮ್ಮ ಅಡುಗೆಮನೆ, ಕೆಲಸ, ಮಗಳ ಕಾಲೇಜು ಎಲ್ಲ ಇಲ್ಲೇ ಇದೆ ಅಲ್ವಾ?

ಕಾನೂನಿಗಿಂತ ನನಗೆ ದೊಡ್ಡದಾಗಿ ಕಾಣುವ ಕಾರಣ ಬೇರೆ. ಎಲೆಕ್ಷನ್ ಹತ್ತಿರ ಬಂದಾಗ ಪಕ್ಷದ ಕಾರ್ಯಕರ್ತರು ನಿಮ್ಮ ಬೀದಿಗೆ ಬರುತ್ತಾರಲ್ಲ, ಆಗ ಅವರ ಕೈಯಲ್ಲಿ ಏನಿರುತ್ತದೆ ನೋಡಿ. ಆ ಬೂತಿನ ಮತದಾರರ ಪಟ್ಟಿ. ಪುಟದ ತುಂಬ ಚೌಕಗಳು. ಒಂದೊಂದರಲ್ಲೂ ಕ್ರಮ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ಅವರು ಪೆನ್ನು ಹಿಡಿದು ಗುರುತು ಹಾಕುತ್ತಾ ಮನೆ ಮನೆ ಹತ್ತುತ್ತಾರೆ. ಮೊದಲ ಮಹಡಿಯಲ್ಲಿ ಮಾಲೀಕರ ಮನೆಯವರ ಐದು ವೋಟು, ಅಲ್ಲಿ ಬೆಲ್ ಮಾಡುತ್ತಾರೆ. ಎರಡನೇ ಮಹಡಿಯ ಬಾಡಿಗೆಯವರ ಹೆಸರು ಲಿಸ್ಟ್‌ನಲ್ಲಿಲ್ಲ, ಮೆಟ್ಟಿಲು ಹತ್ತುವುದಿಲ್ಲ. ನೀರು ಎರಡು ದಿನಕ್ಕೊಮ್ಮೆ ಬರುವುದು ನಿಮ್ಮ ನಲ್ಲಿಗೂ ಒಂದೇ, ಮಾಲೀಕರ ನಲ್ಲಿಗೂ ಒಂದೇ. ಆದರೆ ಅದನ್ನು ಅಭ್ಯರ್ಥಿಯ ಮುಖಕ್ಕೆ ಹೇಳುವ ಅವಕಾಶ ಸಿಕ್ಕಿದ್ದು ಅವರಿಗೆ ಮಾತ್ರ. ಬಾಡಿಗೆಯವರೇ ಜಾಸ್ತಿ ಇರುವ ಬಡಾವಣೆಗಳಲ್ಲಿ ಮೋರಿ, ಕಸ, ಫುಟ್‌ಪಾತ್‌ಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳದೇ ಇರುವುದಕ್ಕೆ ಇದೂ ಒಂದು ಕಾರಣ ಅನ್ನುವುದು ನನ್ನ ಗಟ್ಟಿ ನಂಬಿಕೆ. ಮತ್ತೆ, ಅಸೆಂಬ್ಲಿಗೆ ಇರುವ ಈ ಪಟ್ಟಿಯ ಆಧಾರದಲ್ಲೇ ವಾರ್ಡ್ ಪಟ್ಟಿಯೂ ತಯಾರಾಗುತ್ತದೆ. ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರಿನವರು ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಕಳೆದಿದ್ದಾರೆ. ಬೀದಿದೀಪಕ್ಕೆ ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗದೆ ಒದ್ದಾಡಿದವರಿಗೆ ವಾರ್ಡ್ ವೋಟಿನ ಬೆಲೆ ನಾನು ಹೇಳಬೇಕಾಗಿಲ್ಲ.

ಒಂದು ವೋಟಿಗೆ ಇಷ್ಟೆಲ್ಲ ಯಾಕೆ ಅಂದಿರಿ. ನಮ್ಮ ರಾಜ್ಯದಲ್ಲೇ ಇದಕ್ಕೆ ಉತ್ತರ ಇದೆ. 2004ರ ವಿಧಾನಸಭಾ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು! ಅದು ಹಳ್ಳಿ ಕಡೆಯ ಮಾತಾಯಿತು ಅಂದರೆ ಬೆಂಗಳೂರಿನದೇ ತೆಗೆದುಕೊಳ್ಳಿ. 2023ರಲ್ಲಿ ಜಯನಗರದಲ್ಲಿ ಮರುಎಣಿಕೆ ನಡೆದು ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಅವರ ವಿರುದ್ಧ 16 ವೋಟಿನಲ್ಲಿ ಗೆದ್ದರು. ಇಬ್ಬರಿಗೂ ಸೇರಿ 1,15,000ಕ್ಕೂ ಜಾಸ್ತಿ ವೋಟು ಬಿದ್ದಿತ್ತು. ಅಲ್ಲಿ ಬಾಡಿಗೆಗಿದ್ದು ವೋಟು ಊರಲ್ಲೇ ಬಿಟ್ಟಿದ್ದವರು ಒಂದೇ ಅಪಾರ್ಟ್‌ಮೆಂಟಿನಲ್ಲಿ 16 ಜನಕ್ಕಿಂತ ಜಾಸ್ತಿ ಸಿಗುತ್ತಿದ್ದರು. ಯಾರು ಗೆದ್ದರೆ ಒಳ್ಳೆಯದಿತ್ತು ಅನ್ನುವುದು ನನ್ನ ವಿಷಯ ಅಲ್ಲ. ಅಂಥ ಕಡೆ ಇದ್ದೂ ಇಲ್ಲದವರಾಗುವುದು ನನಗೆ ಸಂಕಟ ತರುತ್ತದೆ.

ಈಗ ಊರಿನವರ ಮಾತು. ನೀವು ಬರೆದಿಲ್ಲ, ಆದರೆ ಇದು ಬಂದೇ ಬರುತ್ತದೆ. “ಇಲ್ಲಿ ಹೆಸರು ತೆಗೆಸಬೇಡಪ್ಪ, ಆಮೇಲೆ ಜಮೀನಿಗೆ ತೊಂದರೆ ಆಗುತ್ತೆ” ಅಂತ ಅಪ್ಪ ಹೇಳುತ್ತಾರೆ. ಈ ಭಯಕ್ಕೆ ಆಧಾರ ಇಲ್ಲ. ಜಮೀನು ಪಹಣಿಯಲ್ಲಿದೆ, ಮತದಾರರ ಪಟ್ಟಿಯಲ್ಲಿಲ್ಲ. ಪಟ್ಟಿಯಿಂದ ಹೆಸರು ಹೋದರೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗುವುದಿಲ್ಲ. ರೇಷನ್ ಕಾರ್ಡ್ ಲೆಕ್ಕವೂ ಬೇರೆ, ಅದು ಆಹಾರ ಇಲಾಖೆಯದು. ಇನ್ನೊಂದು ಒತ್ತಾಯ ಗ್ರಾಮ ಪಂಚಾಯ್ತಿಯದು. ಅಲ್ಲಿ ಐದು, ಹತ್ತು ವೋಟಿನಲ್ಲಿ ಸೋಲು ಗೆಲುವು ಆಗುತ್ತದೆ, ಅದಕ್ಕೇ ಬೆಂಗಳೂರಿನಿಂದ ಬಸ್ಸು ಮಾಡಿ ಕರೆಸಿಕೊಳ್ಳುತ್ತಾರೆ. ದೊಡ್ಡಪ್ಪನ ಮಗ ನಿಂತಿರುವಾಗ ಬರಲ್ಲ ಅನ್ನುವುದು ಕಷ್ಟ, ಅರ್ಥವಾಗುತ್ತದೆ. ಆದರೆ ಊರಿನ ಚರಂಡಿ, ಶಾಲೆ, ಕೆರೆ ದಿನಾ ನೋಡುವವರು ಅಲ್ಲಿರುವವರು. ಅದರ ತೀರ್ಮಾನ ಅವರಿಗೇ ಬಿಡುವುದು ನ್ಯಾಯ.

ಎರಡೂ ಕಡೆ ಇಟ್ಟುಕೊಳ್ಳುತ್ತೇನೆ ಅನ್ನುವ ಯೋಚನೆ ಮಾತ್ರ ಬೇಡ. ಎರಡು ಕ್ಷೇತ್ರದಲ್ಲಿ ಹೆಸರು ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ತುಂಬ ಜನ ಗೊತ್ತಿಲ್ಲದೇ ಈ ತಪ್ಪು ಮಾಡುತ್ತಾರೆ. ಬೆಂಗಳೂರಿಗೆ ಬಂದು ಹೊಸಬರ ಹಾಗೆ ಫಾರಂ 6 ತುಂಬುತ್ತಾರೆ. ಫಾರಂ 6 ಮೊದಲ ಸಲ ಹೆಸರು ಸೇರಿಸುವವರಿಗೆ. ನಿಮ್ಮಿಬ್ಬರಿಗೆ ಬೇಕಾದದ್ದು ಫಾರಂ 8. ವಿಳಾಸ ಬದಲಾವಣೆಗೆ, ತಿದ್ದುಪಡಿಗೆ, ಹೊಸ ಕಾರ್ಡಿಗೆ ಎಲ್ಲಕ್ಕೂ ಅದೇ. ಅದನ್ನು ಹಾಕಿದರೆ ಇಲ್ಲಿ ಹೆಸರು ಸೇರಿ ಅಲ್ಲಿಯದು ತೆಗೆಯಲಾಗುತ್ತದೆ. ಕಾರ್ಡಿನ ನಂಬರ್ ಹಳೆಯದೇ ಇರುತ್ತದೆ. ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಹಾಕಬಹುದು, ಇಲ್ಲಾಂದ್ರೆ ನಿಮ್ಮ ಬೂತಿನ ಬಿಎಲ್‌ಓ, ಅಂದರೆ ಆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿಯ ಕೈಗೆ ಕೊಡಬಹುದು. ಸಂದೇಹ ಇದ್ದರೆ 1950 ನಂಬರಿಗೆ ಫೋನ್ ಮಾಡಿ. ಮುಂದೆ ಮತ್ತೆ ಮನೆ ಬದಲಾದರೆ ಇನ್ನೊಂದು ಫಾರಂ 8, ಅಷ್ಟೇ. ಹತ್ತು ನಿಮಿಷದ ಕೆಲಸ, ದುಡ್ಡು ಕೊಡಬೇಕಾಗಿಲ್ಲ.

ವಿಳಾಸದ ದಾಖಲೆಗೆ ಬಾಡಿಗೆಯವರು ಹೆದರುತ್ತಾರೆ. ಈ ವಿಳಾಸದ ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬಿಲ್ಲು, ರಿಜಿಸ್ಟರ್ ಆದ ಬಾಡಿಗೆ ಕರಾರು, ಇದರಲ್ಲಿ ಯಾವುದಾದರೂ ಒಂದು ಸಾಕು. ಯಾವುದೂ ಇಲ್ಲದಿದ್ದರೂ ಅರ್ಜಿ ಹಾಕಬಹುದು, ಬಿಎಲ್‌ಓ ಮನೆಗೆ ಬಂದು ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಸೂರೇ ಇಲ್ಲದೆ ಬಸ್ ನಿಲ್ದಾಣದಲ್ಲೋ ಸೇತುವೆ ಕೆಳಗೋ ಮಲಗುವವರಿಗೂ ಈ ಹಕ್ಕಿದೆ. ಅಂಥವರು ನಿಜವಾಗಿ ಅಲ್ಲೇ ಇರುತ್ತಾರಾ ಎಂದು ನೋಡಲು ಬಿಎಲ್‌ಓ ರಾತ್ರಿ ಹೊತ್ತು ಹೋಗಬೇಕು ಅನ್ನುವ ನಿಯಮ ಇದೆ. ನನಗೆ ನಮ್ಮ ಚುನಾವಣಾ ವ್ಯವಸ್ಥೆಯಲ್ಲಿ ತುಂಬ ಇಷ್ಟವಾದ ನಿಯಮ ಇದು.

ನಿಮ್ಮ ಮನೆಯವರ ಹೆಸರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ವೋಟು ತವರಿನಲ್ಲೇ ಉಳಿಯುವುದು ಎಲ್ಲ ಕಡೆ ಇದೆ. ಎಲೆಕ್ಷನ್ ದಿನ ಗಂಡ ತನ್ನೂರಿಗೆ ಹೊರಡುತ್ತಾನೆ, ಮಕ್ಕಳನ್ನು ಬಿಟ್ಟು ಆಕೆ ತವರಿಗೆ ಹೋಗಲು ಆಗುವುದಿಲ್ಲ. ಕೊನೆಗೆ ಬಿಟ್ಟುಹೋಗುವುದು ಆಕೆಯ ವೋಟೇ. 1951–52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳದೆ “ಇಂಥವರ ಹೆಂಡತಿ”, “ಇಂಥವರ ಮಗಳು” ಅಂತ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬರೆಸದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ. ಆದ್ದರಿಂದ ಫಾರಂ ತುಂಬುವಾಗ ಮೊದಲು ಅವರದನ್ನು ತುಂಬಿ, ಆಮೇಲೆ ನಿಮ್ಮದು.

ಕಾರ್ಡ್ ಇದೆ ಅಂತ ನೆಮ್ಮದಿಯಾಗಿರಬೇಡಿ. ಮತಗಟ್ಟೆಯಲ್ಲಿ ಬೇಕಾಗುವುದು ಪಟ್ಟಿಯಲ್ಲಿನ ಹೆಸರು. ಹೆಸರಿದ್ದು ಕಾರ್ಡ್ ಕಳೆದಿದ್ದರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ತೋರಿಸಿ ವೋಟು ಹಾಕಬಹುದು. ಕಾರ್ಡಿದ್ದು ಹೆಸರಿಲ್ಲದಿದ್ದರೆ ವಾಪಸ್ ಬರಬೇಕು. ಹೆಸರು ಹೇಗೆ ಹೋಗುತ್ತದೆ ಅನ್ನುವುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ನೋಡಿ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕಾರವಾದವು. ಒಬ್ಬ ಬಿಎಲ್‌ಓ ತಮ್ಮ ಹತ್ತಿರದ ಸಂಬಂಧಿಯ ಹೆಸರೇ ಆ ಅರ್ಜಿಗಳಲ್ಲಿ ಇರುವುದನ್ನು ಕಂಡದ್ದರಿಂದ ವಿಷಯ ಹೊರಬಿತ್ತು. ವರ್ಷಕ್ಕೆ ಎರಡು ಸಲವಾದರೂ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಹುಡುಕಿ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಅರ್ಜಿ ತಿರಸ್ಕರಿಸಿದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಇದಕ್ಕೆಲ್ಲ ಸಮಯ ಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಟಿವಿಯಲ್ಲಿ ದಿನಾಂಕ ಘೋಷಣೆ ಆದಮೇಲೆ ಎಚ್ಚೆತ್ತವರಿಗೆ ಇದರಿಂದಲೇ ನಿರಾಸೆ ಆಗುವುದು.

ಮಗಳ ವಿಷಯ ಸುಲಭ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಒಂದು ದಿನ ತಪ್ಪಿದರೂ ಒಂದು ವರ್ಷ ಕಾಯಬೇಕಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ದಿನಾಂಕಗಳಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು, 18 ಆದ ಮೇಲೆ ಬರುವ ದಿನಾಂಕಕ್ಕೆ ಹೆಸರು ಸೇರುತ್ತದೆ. ಅವಳಿಗೆ ಬೇಕಾದದ್ದು ಫಾರಂ 6, ಒಂದು ಫೋಟೋ, ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮುಂದೆ ಓದಲು ಮೈಸೂರಿಗೋ ಮಂಗಳೂರಿಗೋ ಹೋದರೆ ಹಾಸ್ಟೆಲ್ ವಿಳಾಸದಲ್ಲಿ ಹೆಸರು ಇರಬೇಕಾ, ಮನೆ ವಿಳಾಸದಲ್ಲಾ ಅನ್ನುವುದನ್ನು ಅವಳೇ ಆರಿಸಿಕೊಳ್ಳಬಹುದು. ಫಾರಂ ಅವಳ ಕೈಯಿಂದಲೇ ತುಂಬಿಸಿ.