ಗುಂಪು ಉಳಿಯಿತು, ಉತ್ತರ ಕಳೆಯಿತು

ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ ಮುಚ್ಚಿದ್ದು 2014ರ ಸೆಪ್ಟೆಂಬರ್ 30ಕ್ಕೆ. ಇಮೇಲ್ ಗುಂಪುಗಳ ತಾಣ ಯಾಹೂ ಗ್ರೂಪ್ಸ್ ಇನ್ನಷ್ಟು ವರ್ಷ ತೆವಳಿತು. 2019ರ ಅಕ್ಟೋಬರ್‌ನಲ್ಲಿ ಹಳೆಯ ಪತ್ರಗಳನ್ನು ಅಳಿಸುವ ಪ್ರಕಟಣೆ ಬಂತು, ಎರಡು ತಿಂಗಳಲ್ಲಿ ಅವು ತಾಣದಿಂದ ಮರೆಯಾದವು, 2020ರ ಡಿಸೆಂಬರ್ 15ಕ್ಕೆ ಬಾಗಿಲೇ ಮುಚ್ಚಿತು. ಅಂಥ ಕಡೆ ಹರಟುತ್ತಿದ್ದ ಮುಂಬೈ, ಪುಣೆಯ ಕನ್ನಡಿಗರು ಎಲ್ಲೂ ಕಾಣೆಯಾಗಲಿಲ್ಲ. ಮಾಟುಂಗದವರು, ಡೊಂಬಿವಲಿಯವರು, ಹಿಂಜವಡಿಯ ಐಟಿಯವರು ಎಂದು ಕವಲೊಡೆದು ವಾಟ್ಸಾಪ್‌ಗೆ ಬಂದರು. ಒಮ್ಮೆ ಸಿಕ್ಕ ಉತ್ತರವನ್ನು ಮರುವರ್ಷ ಹುಡುಕಿ ತೆಗೆಯುವ ಅನುಕೂಲ ಮಾತ್ರ ಅವರ ಜೊತೆ ಬರಲಿಲ್ಲ.

ಕಾರಣ ತಾಂತ್ರಿಕವಾದದ್ದು. ಪ್ರತಿ ಇಮೇಲಿಗೂ ಒಂದು ಗುರುತು ಇರುತ್ತದೆ. ಅದಕ್ಕೆ ಉತ್ತರ ಬರೆದಾಗ ಮೂಲ ಪತ್ರದ ಗುರುತು ಹೊಸ ಪತ್ರದ ತಲೆಭಾಗದಲ್ಲಿ ಅಡಗಿ ಕೂರುತ್ತದೆ. ಹತ್ತು ವರ್ಷ ಕಳೆದರೂ ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಯಂತ್ರವೇ ಜೋಡಿಸಿ ತೋರಿಸಬಲ್ಲದು. ಆರ್ಕುಟ್‌ನ ಕಮ್ಯುನಿಟಿಗಳಲ್ಲಿ ಒಂದೊಂದು ವಿಷಯಕ್ಕೂ ಒಂದು ಶೀರ್ಷಿಕೆಯಿತ್ತು. ವಾಟ್ಸಾಪ್‌ನಲ್ಲಿ ಸಂದೇಶಗಳು ನಿಲ್ಲುವುದು ಗಡಿಯಾರದ ಕ್ರಮದಲ್ಲೇ. ಮೀರಾ ರೋಡಿನ ಬಾಡಿಗೆ ಮನೆಯ ಪ್ರಶ್ನೆ ಬೆಳಿಗ್ಗೆ, ಅದರ ಉತ್ತರ ಮಧ್ಯಾಹ್ನ, ನಡುವೆ ಮೂವತ್ತು ಹುಟ್ಟುಹಬ್ಬದ ಶುಭಾಶಯ. ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಹಿಂದಿನ ಮಾತು ಕಾಣುವುದೂ ಇಲ್ಲ. ಅವರು ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಅದು ಅವರ ತಪ್ಪಲ್ಲ, ಆದರೂ ಬೈಸಿಕೊಳ್ಳುವವರು ಅವರೇ.

ಗಮನದ ಲೆಕ್ಕವೂ ತಲೆಕೆಳಗಾಯಿತು. ಹಳೆಯ ವೇದಿಕೆಯಲ್ಲಿ ಉದ್ದನೆಯ ಚರ್ಚೆ ಯಾರಿಗೂ ಹೊರೆಯಲ್ಲ, ಬೇಕಾದವರು ತೆರೆದು ಓದುತ್ತಿದ್ದರು. ಈಗ ಪ್ರತಿ ಸಾಲೂ ಎಲ್ಲರ ಜೇಬಿಗೇ ಬರುತ್ತದೆ. ಗುಂಪಿನ ಮಿತಿ 2022ರಲ್ಲಿ 256ರಿಂದ 512ಕ್ಕೆ, ಅದೇ ವರ್ಷ 1024ಕ್ಕೆ ಏರಿತು. ಗಲಾಟೆ ತಾಳದೆ ಅಡ್ಮಿನ್ ‘ಅಡ್ಮಿನ್‌ಗಳು ಮಾತ್ರ ಬರೆಯಬಹುದು’ ಎಂದು ಬೀಗ ಹಾಕುತ್ತಾನೆ. ಶಾಂತಿಯೇನೋ ಸಿಗುತ್ತದೆ, ಚರ್ಚೆಯ ಗುಂಪು ಸಂಘದ ನೋಟಿಸ್ ಬೋರ್ಡ್ ಆಗುತ್ತದೆ. ಜಗಳವಿರುವ ಗುಂಪೇ ಇದಕ್ಕಿಂತ ಮೇಲು.

ಉಳಿಸಿಕೊಳ್ಳಬೇಕೆಂದರೆ ದಾರಿಯಿದೆ. ಆಂಡ್ರಾಯ್ಡ್‌ನಲ್ಲಿ ಗುಂಪು ತೆರೆದು ಮೂರು ಚುಕ್ಕೆ, ‘ಮೋರ್’, ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ. ಚಿತ್ರ, ವಿಡಿಯೊ ಬಿಟ್ಟರೆ ಇತ್ತೀಚಿನ 40,000 ಸಂದೇಶ, ಸೇರಿಸಿದರೆ 10,000 ಮಾತ್ರ ಹೊರಬರುತ್ತವೆ. ದಿನಕ್ಕೆ 200 ಸಂದೇಶ ಓಡುವ ಗುಂಪಾದರೆ 40,000 ಮುಗಿಯುವುದು 200 ದಿನಕ್ಕೆ. ಹಾಗಾಗಿ ಆರು ತಿಂಗಳಿಗೊಮ್ಮೆ ತೆಗೆಯಲೇಬೇಕು. ಗುಂಪಿನಲ್ಲಿ ‘ಅಡ್ವಾನ್ಸ್ಡ್ ಚಾಟ್ ಪ್ರೈವಸಿ’ ಚಾಲೂ ಇದ್ದರೆ ಎಕ್ಸ್‌ಪೋರ್ಟ್ ಆಗದು. ಸಂದೇಶಗಳು ತಾವಾಗಿ ಅಳಿಯುವಂತೆ ಇಟ್ಟಿದ್ದರೆ ಅಳಿದದ್ದು ಸಿಗದು.

ಬಂದ ಕಡತದಲ್ಲೂ ಎರಡು ತೊಡಕು. ಯಾರ ಮಾತಿಗೆ ಯಾರು ಉತ್ತರಿಸಿದರು ಎಂಬ ಕೊಂಡಿ ಅದರಲ್ಲಿ ಇರುವುದಿಲ್ಲ. ಹೆಸರುಗಳು ಎಕ್ಸ್‌ಪೋರ್ಟ್ ಮಾಡಿದವರ ಫೋನಿನಲ್ಲಿ ಇದ್ದಂತೆಯೇ ಬರುತ್ತವೆ: ‘ಶೆಟ್ರು ಕ್ಯಾಂಟೀನ್’, ‘ಪಕ್ಕದ ವಿಂಗ್ ಅಕ್ಕ’. ಸೇವ್ ಮಾಡದವರದು ಬರೀ ನಂಬರು. ಹಂಚುವ ಮುನ್ನ ನಂಬರುಗಳನ್ನು ಅಳಿಸಿ. ಮತ್ತೆ ಮತ್ತೆ ಕೇಳುವ ಇಪ್ಪತ್ತು ಮೂವತ್ತು ಪ್ರಶ್ನೆ ಆರಿಸಿ, ಉತ್ತರದ ಜೊತೆ ಒಂದು ಹಂಚಿಕೆಯ ಕಡತದಲ್ಲಿ ಬರೆದು, ಅದರ ಕೊಂಡಿಯನ್ನು ಗುಂಪಿನ ವಿವರಣೆಯಲ್ಲಿ ಹಾಕಿ. ಪ್ರತಿ ಉತ್ತರಕ್ಕೂ ದಿನಾಂಕ ಬೇಕೇ ಬೇಕು. ಮುಂಬೈಯಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧಾ ರೈಲಿಗೆ 120 ದಿನ ಮುಂಚೆ ಬುಕಿಂಗ್ ಎಂಬ ಹಳೆಯ ಉತ್ತರ ಆಗ ಸರಿಯೇ ಇತ್ತು. 2024ರ ನವೆಂಬರ್ 1ರಿಂದ ರೈಲ್ವೆ ಅದನ್ನು 60 ದಿನಕ್ಕೆ ಇಳಿಸಿದೆ. ದಿನಾಂಕವಿಲ್ಲದ ಉತ್ತರ ನಂಬಿದವರು ಚೌತಿಗೆ ಊರಿಗೆ ಹೋಗಲು, ಬುಕಿಂಗ್ ತೆರೆಯುವುದಕ್ಕೂ ಎರಡು ತಿಂಗಳು ಮೊದಲೇ ಟಿಕೆಟ್ ಹುಡುಕಿ ತಬ್ಬಿಬ್ಬಾಗುತ್ತಾರೆ.

ಇನ್ನೂ ಹಳೆಯ ಸಾಮಗ್ರಿಯದು ಬೇರೆ ಕಷ್ಟ. ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಪರಿವರ್ತಕಗಳು ಸಿಗುತ್ತವೆ, ಆದರೆ ಅರ್ಕಾವತ್ತಿನ ಬಳಿ ಕಣ್ಣಿಡಿ: ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ಆ ಅದಲುಬದಲು ಕೆಟ್ಟರೆ ‘ಸೂರ್ಯ’ ಓದಲು ಬಾರದ ಹಾಗಾಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡಕ್ಕೆ ಯಂತ್ರವನ್ನು ಪೂರ್ತಿ ನಂಬುವಂತಿಲ್ಲ. ‘ಹಲ್ಲಿ’ಯೋ ‘ಹಳ್ಳಿ’ಯೋ ಎಂಬುದನ್ನು ಸಂಘದ ಹಿರಿಯರೊಬ್ಬರು ಕೂತು ಓದಿಯೇ ತೀರ್ಮಾನಿಸಬೇಕು.