ರಿಪೋರ್ಟ್ ಸರಿಯಿದ್ದರೂ ಮಾತ್ರೆಯ ಹೆಸರು ಬೇಕು

ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದಿದ್ದ ಹಿರಿಯರೊಬ್ಬರನ್ನು, ಬೆನ್ನಿಗೆ ಅರಿವಳಿಕೆ ಕೊಡುವ ಮೊದಲು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಇಲ್ಲವೆಂದರು. ಸೊಸೆ ತಂದಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದಿತ್ತು. ಅದರ ಬೆನ್ನಿನಲ್ಲಿ ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಎರಡರ ಹೆಸರೂ ಅರ್ಧರ್ಧ ಉಳಿದಿತ್ತು. "ಅದು ಹಾರ್ಟಿನ ಮಾತ್ರೆ ಸಾರ್, ರಕ್ತದ್ದಲ್ಲ" ಎಂದರು. ಅಂದು ಬೆಳಿಗ್ಗೆಯೂ ನುಂಗಿದ್ದರು.

"ರಿಪೋರ್ಟ್ ಎಲ್ಲ ನಾರ್ಮಲ್ ಇದೆಯಲ್ಲ ಡಾಕ್ಟ್ರೇ" ಎಂದು ಮಗ ಕಾಗದ ಚಾಚಿದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳೇ ಪ್ಲೇಟ್‌ಲೆಟ್‌ಗಳು. ಪ್ಲೇಟ್‌ಲೆಟ್ ಪರೀಕ್ಷೆ ಎಣಿಸುವುದು ತಲೆಗಳನ್ನು ಮಾತ್ರ, ಅವು ಕೆಲಸ ಮಾಡುತ್ತವೆಯೇ ಎಂಬುದನ್ನಲ್ಲ. ಕ್ಲೊಪಿಡೊಗ್ರೆಲ್ ಪ್ಲೇಟ್‌ಲೆಟ್‌ಗಳ ಸಂಖ್ಯೆಯನ್ನು ತಗ್ಗಿಸುವುದಿಲ್ಲ. ಅವು ಒಂದಕ್ಕೊಂದು ಅಂಟಿಕೊಳ್ಳುವ ಗುಣವನ್ನು, ಅವುಗಳ ಏಳರಿಂದ ಹತ್ತು ದಿನಗಳ ಆಯುಸ್ಸಿನುದ್ದಕ್ಕೂ, ಕುಂದಿಸುತ್ತದೆ. ಹೊಸವು ಹುಟ್ಟಿಬರಲೆಂದೇ ನಾವು ಸಾಮಾನ್ಯವಾಗಿ 5ರಿಂದ 7 ದಿನ ಕಾಯುತ್ತೇವೆ. ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ವಾರ್ಫರಿನ್ ಎಂಬ ಬೇರೊಂದು ಮಾತ್ರೆಯ ಪರಿಣಾಮವನ್ನು ತೋರಿಸುತ್ತದೆ, ಕ್ಲೊಪಿಡೊಗ್ರೆಲ್‌ನದ್ದನ್ನಲ್ಲ. ಬೆರಳಿಗೋ ಕಿವಿಗೋ ಚುಚ್ಚಿ, ರಕ್ತ ನಿಲ್ಲಲು, ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಬಿಟಿ-ಸಿಟಿ ಪರೀಕ್ಷೆಯನ್ನು ನಂಬಿ ಬೆನ್ನಿಗೆ ಸೂಜಿ ಹಾಕುವ ಧೈರ್ಯ ನನಗಿಲ್ಲ. ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಂತಿತೇ, ಮುಟ್ಟಿನಲ್ಲಿ ವಿಪರೀತ ಸ್ರಾವವಿದೆಯೇ ಎಂದು ನಾವು ಕೆದಕಿ ಕೇಳುವುದೂ ಇದಕ್ಕೇ.

ಹಲ್ಲಿನ ಗಾಯವನ್ನು ಹತ್ತಿಯಿಂದ ಒತ್ತಿ ಹಿಡಿಯಬಹುದು. ಮೂಳೆಯ ಕೊಳವೆಯೊಳಗಿರುವ ಬೆನ್ನುಹುರಿಯ ಸುತ್ತ ರಕ್ತ ಒಸರಿದರೆ ಒತ್ತುವ ಕೈಗೆ ಅಲ್ಲಿ ಜಾಗವಿಲ್ಲ. ಹೆಪ್ಪುಗಟ್ಟಿದ ರಕ್ತವೇ ನರಗಳನ್ನು ಒತ್ತುತ್ತದೆ. ಇದು ಅಪರೂಪ, ನಿಜ. ಆದರೆ ಆದಾಗ ಸುಮಾರು 8 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಿಂದ ಒತ್ತಡ ತೆಗೆಯದಿದ್ದರೆ ಕಾಲಿನ ಬಲ ಮರಳುವ ಸಾಧ್ಯತೆ ಬಹಳ ಕುಗ್ಗುತ್ತದೆ.

ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಇರುವವರಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಆಸ್ಪಿರಿನ್ ಒಂದೇ ಆದರೆ ನಾವು ಸಾಮಾನ್ಯವಾಗಿ ಅದನ್ನು ನಿಲ್ಲಿಸುವುದೂ ಇಲ್ಲ.

ಆ ಹಿರಿಯರ ಹೃದ್ರೋಗ ತಜ್ಞರೊಡನೆ ಮಾತನಾಡಿ, ಆಸ್ಪಿರಿನ್ ಮಾತ್ರ ಮುಂದುವರಿಸಿ, ಶಸ್ತ್ರಚಿಕಿತ್ಸೆಯನ್ನು ಒಂದು ವಾರ ಮುಂದೂಡಿದೆವು. ಮರಳಿ ಬಂದಾಗ ಇಡೀ ಸ್ಟ್ರಿಪ್ಪನ್ನೇ ತಂದಿದ್ದರು. ಕ್ಲೊಪಿಡೊಗ್ರೆಲ್ ಕೊನೆಯದಾಗಿ ನುಂಗಿದ ತಾರೀಕನ್ನು ಸೊಸೆ ಕವರಿನ ಮೇಲೆ ಪೆನ್ನಿನಿಂದ ಬರೆದಿದ್ದರು. ಶಸ್ತ್ರಚಿಕಿತ್ಸೆ ಮುಗಿದ ಸಂಜೆ ವಾರ್ಡಿಗೆ ಹೋದಾಗ, ನಾನು ಕೇಳುವ ಮೊದಲೇ ಹಿರಿಯರು ಎರಡೂ ಮಂಡಿ ಮಡಚಿ ತೋರಿಸಿದರು.